ಭಾವನ ಕ್ಯಾಮೆರಾದಲ್ಲಿ ಉಳಿದ ರೀಲು

ಜಾಗವಿಲ್ಲ, ಒಂದಷ್ಟು ಚಿತ್ರ ಅಳಿಸು ಎಂದು ನನ್ನ ಮೊಬೈಲು ವಾರಕ್ಕೊಮ್ಮೆ ದೂರುತ್ತದೆ. ಅಳಿಸಲು ಕುಳಿತರೆ ಗ್ಯಾಸಿನ ರಸೀತಿ, ರಾಮನಗರದ ಬಂಡೆಗಳ ಹಿಂದೆ ಒಬ್ಬನೇ ಸೂರ್ಯ ಮುಳುಗುವ ನಲವತ್ತು ಭಂಗಿಗಳು, ಯಾವ ಕಲಾಪ್ರೇರಣೆಯಿಂದ ತೆಗೆದೆನೋ ತಿಳಿಯದ ನನ್ನದೇ ಹೆಬ್ಬೆರಳು. ಇಂಥ ಅಗ್ಗದ ಅಮರತ್ವದ ನಡುವೆ ಕಳೆದ ವರ್ಷ ಹಳೆಯ ಕ್ಯಾಮೆರಾವೊಂದು ನನ್ನ ಕುತೂಹಲವನ್ನು ಕೆಣಕಿತು.

ಅದು ನನ್ನ ಭಾವನದು. ಸೋಲೂರಿನ ಹಾಲಿನ ಡೈರಿಯಲ್ಲಿ ಕೆಲಸಕ್ಕಿದ್ದ ಅವರು ಊರವರ ನಾಮಕರಣ, ಸೀಮಂತಗಳಿಗೆಲ್ಲ ಅದನ್ನು ಕೊರಳಿಗೆ ನೇತುಹಾಕಿಕೊಂಡು ಹೋಗುತ್ತಿದ್ದರು; ಮೊಬೈಲು ಬರುವ ಎಷ್ಟೋ ಮೊದಲೇ ಅದು ಪೆಟ್ಟಿಗೆ ಸೇರಿತ್ತು. ಅವರು ತೀರಿಕೊಂಡ ಎಂಟು ವರ್ಷಗಳ ಮೇಲೆ ಅಕ್ಕ, "ನಿಂಗೆ ಹಳೇ ಸಾಮಾನಂದ್ರೆ ಹುಚ್ಚಲ್ವಾ, ತಗೊಂಡೋಗು" ಎಂದು ಕೊಟ್ಟಳು. ನೋಡಿದರೆ ತೆಗೆದ ಚಿತ್ರಗಳ ಎಣಿಕೆಯ ಮುಳ್ಳು ಹದಿನಾಲ್ಕರಲ್ಲಿ ನಿಂತಿತ್ತು. ಒಳಗೆ ತೊಳೆಸದ ರೀಲಿತ್ತು.

ನನಗೆ ಆನಂದವಾದರೆ ಅಕ್ಕನಿಗೆ ಆತಂಕ. ಮುಂದಿನ ಹಲ್ಲು ಉಬ್ಬೆಂಬ ಸಂಕೋಚದಿಂದ ಆಕೆ ಜನ್ಮದಲ್ಲಿ ಕ್ಯಾಮೆರಾಕ್ಕೆ ಮುಖ ಕೊಟ್ಟವಳಲ್ಲ. ಮದುವೆಯ ಪಟದಲ್ಲೂ ಕಾಣುವುದು ಬಾಸಿಂಗ ಮಾತ್ರ.

"ನನ್ ಪಟ ಅಂತೂ ಅದ್ರಲ್ಲಿರಾಕಿಲ್ಲ" ಎಂದಳು. "ಇನ್ ಯಾರ್ದೈತೋ ಏನೋ. ಸುಮ್ಕೆ ಬುಟ್ಬುಡ್ಲಾ."

ಆ ಮಾತಿನ ಹಿಂದೆ ಅಷ್ಟು ವರ್ಷಗಳ ಅನುಮಾನವೊಂದು ಕುಳಿತಿತ್ತೆಂದು ನನಗೆ ಆಗ ಹೊಳೆಯಿತು. ಕೈ ಎಷ್ಟು ತುರಿಸಿದರೂ ಕ್ಯಾಮೆರಾವನ್ನು ಬೀರುವಿನಲ್ಲಿಟ್ಟೆ. ಎರಡು ತಿಂಗಳಾದ ಮೇಲೆ ಆಕೆಯೇ ಫೋನು ಮಾಡಿದಳು: "ತೊಳೆಸು. ನೀನೇ ಮೊದ್ಲು ನೋಡು. ಬ್ಯಾಡದ್ದಿದ್ರೆ ನಂಗೆ ಹೇಳ್ಬ್ಯಾಡ."

ಚನ್ನಪಟ್ಟಣದಲ್ಲಿ ಸಿದ್ದಪ್ಪನವರೆಂಬ ಹಿರಿಯರೊಬ್ಬರ ಸ್ಟುಡಿಯೋ ಇದೆ. ಈಗ ಅವರ ವೃತ್ತಿ ಪಾಸ್‌ಪೋರ್ಟ್ ಅಳತೆಯ ಫೋಟೋಗಳಿಗೆ ಕುಗ್ಗಿದೆ. ರೀಲನ್ನು ಕಂಡದ್ದೇ ಅವರ ಮುಖ ಅರಳಿತು.

"ಕಪ್ಪು-ಬಿಳುಪು ಸಾ. ಒಸಿ ಉಳ್ದಿದ್ರೂ ಉಳ್ದಿರ್ತದೆ" ಎಂದವರೇ ಮನೆಯ ಬಚ್ಚಲಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿಕೊಂಡರು. ಸ್ನಾನಕ್ಕೆ ಕಾದಿದ್ದ ಅವರ ಮನೆಯವರು ನನ್ನನ್ನು ನೋಡಿದ ನೋಟದಲ್ಲಿ ಕಲಾಭಿಮಾನವೇನೂ ಇರಲಿಲ್ಲ.

ಒಂಬತ್ತು ಚಿತ್ರಗಳು ಮಾಸಿ ಬರೀ ಬೂದಿಬಣ್ಣವಾಗಿದ್ದವು. ಉಳಿದ ಐದರಲ್ಲಿ ಒಬ್ಬ ಹೆಂಗಸಿನ ಬೆನ್ನು, ಅದರ ಮೇಲೆ ಉದ್ದನೆಯ ಜಡೆ ಇತ್ತು: ಬಾವಿಯ ಬಳಿ, ಒಲೆಯ ಮುಂದೆ, ಹಸುವಿನ ಪಕ್ಕ, ತೆಂಗಿನ ತೋಟದ ಹಾದಿಯಲ್ಲಿ ಎರಡು. ಮುಖ ಒಂದರಲ್ಲೂ ಇಲ್ಲ. ಆದರೆ ಆ ಬಲಭುಜದ ವಾಲಿಕೆಯನ್ನು ನಾನು ಹುಟ್ಟಿದಂದಿನಿಂದ ಬಲ್ಲೆ. ಅಕ್ಕನ ಆ ಸೊಂಟದ ಮೇಲೆ ಕುಳಿತೇ ನಾನು ಬೆಳೆದದ್ದು.

ಮರುದಿನ ಬೆಳಿಗ್ಗೆ ಮಾಗಡಿಯ ಮೇಲೆ ಸೋಲೂರಿಗೆ ಹೋದೆ. ಅಕ್ಕ ಚಿತ್ರಗಳನ್ನು ದೂರ ಹಿಡಿದು ನೋಡಿದಳು.

"ಯಾರ್ಲಾ ಇವ್ಳು?"

ನಮ್ಮ ಮುಖವನ್ನು ನಾವು ದಿನವೂ ಕನ್ನಡಿಯಲ್ಲಿ ಕಾಣುತ್ತೇವೆ. ಬೆನ್ನನ್ನು ಮಾತ್ರ, ನಮಗೆ ಗೊತ್ತಿಲ್ಲದೆ, ಜೊತೆಯಲ್ಲಿ ಬದುಕುವವರು ನೋಡುತ್ತಿರುತ್ತಾರೆ ಎಂಬ ಸರಳ ಸಂಗತಿ ನನಗೆ ಆವರೆಗೂ ತೋಚಿರಲಿಲ್ಲ.

ಹಸುವಿನ ಚಿತ್ರದಲ್ಲಿ ಆಕೆಯ ಕಣ್ಣು ನಿಂತಿತು. "ಇದು ನಮ್ ಗೌರಿ" ಎಂದಳು. ಹಸುವನ್ನು ಗುರುತಿಸಿದ ಮೇಲೆ ಹೆಂಗಸನ್ನು ಗುರುತಿಸಿದಳು. ಆಮೇಲೆ ಎಡಗೈಯನ್ನು ತಲೆಯ ಹಿಂದಕ್ಕೆ ಒಯ್ದು, ನಿಂಬೆಹಣ್ಣಿನಷ್ಟಾಗಿದ್ದ ತುರುಬನ್ನು ಮುಟ್ಟಿ, ಅಲ್ಲಿಂದ ಮೆಲ್ಲಗೆ ಸೊಂಟದವರೆಗೆ ಗಾಳಿಯಲ್ಲಿ ಅಳೆದಳು.

"ಇಲ್ಲೀಗಂಟ ಇತ್ತು ಕಣ್ಲಾ ನನ್ ಜಡೆ," ಎಂದಳು. "ನಂಗೇ ಗೊತ್ತಿರ್ಲಿಲ್ಲ."