ಕೈ ಕಟ್ಟಿಕೊಂಡು ಕಲಿಸಿದ ಪೀಪಿ ಮಿಸ್

ನಮ್ಮ ಶಾಲೆಯ ಆಟದ ಟೀಚರನ್ನು ಮಕ್ಕಳು ಪೀಪಿ ಮಿಸ್ ಎಂದೇ ಕರೆಯುವುದು. ಕೊರಳಲ್ಲಿ ಸದಾ ಒಂದು ಪೀಪಿ, ಮೈಮೇಲೆ ನೀಲಿ ಜಾಕೆಟ್ಟು, ಎದುರಿಗೆ ಬಂದವರು ತಾವಾಗಿಯೇ ಪಕ್ಕಕ್ಕೆ ಸರಿಯುವಂಥ ಬಿರುಸು ನಡಿಗೆ. ನಾನು ಅದೇ ಶಾಲೆಯಲ್ಲಿ ಚರಿತ್ರೆ ಪಾಠ ಮಾಡುತ್ತೇನೆ. ಪರೀಕ್ಷೆ ಹತ್ತಿರ ಬಂತೆಂದರೆ ನಾವೆಲ್ಲ ಕೈ ಹಾಕುತ್ತಿದ್ದುದು ಅವರ ಪೀರಿಯಡ್ಡಿಗೇ. "ತಗೊಳ್ಳಿ, ತಗೊಳ್ಳಿ. ಮಕ್ಕಳ ಕಾಲೇನು ಪರೀಕ್ಷೆ ಬರೆಯುತ್ತಾ?" ಎಂದು ಚುಚ್ಚಿಯೇ ಬಿಟ್ಟುಕೊಡುತ್ತಿದ್ದರು.

ಒಂದು ದಿನ ಮೈದಾನದಲ್ಲಿ ಏಳನೇ ತರಗತಿಯ ಹುಡುಗನೊಬ್ಬನ ಅಂಗಿಯ ಗುಂಡಿ ಕಿತ್ತುಬಂತು. ಅವನು ಅದನ್ನು ಅಂಗೈಯಲ್ಲಿಟ್ಟುಕೊಂಡು, ಮನೆಗೆ ಹೋಗ್ತೀನಿ ಮಿಸ್ ಎಂದು ಅಳುಮುಖ ಮಾಡಿದ. "ಗುಂಡಿಗೆ ಮನೆಗ್ಯಾಕೋ? ಸೂಜಿ ದಾರ ಕೊಡ್ತೀನಿ, ಹೊಲಿದುಕೋ" ಎಂದರು ಮಿಸ್. ಹುಡುಗ ಕಣ್ಣು ಕಣ್ಣು ಬಿಟ್ಟ. ಮಿಸ್ ಇಡೀ ತರಗತಿಯನ್ನು ಸಾಲಾಗಿ ನಿಲ್ಲಿಸಿ ಕೇಳಿದರು: ಗುಂಡಿ ಹೊಲಿಯೋದು ಯಾರಿಗೆ ಬರುತ್ತೆ? ಒಲೆ ಹಚ್ಚೋದು? ಗಾಯಕ್ಕೆ ಪಟ್ಟಿ ಕಟ್ಟೋದು? ಒಂದು ಕೈಯೂ ಮೇಲೇಳಲಿಲ್ಲ. ಕೊನೆಗೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಧೈರ್ಯ ಮಾಡಿ, "ಮಿಸ್, ನಂಗೆ ಮೊಬೈಲಲ್ಲಿ ಊಟ ಆರ್ಡರ್ ಮಾಡಕ್ಕೆ ಬರುತ್ತೆ" ಎಂದಳು.

ಮಿಸ್ ನೆಟ್ಟಗೆ ಹೆಡ್‌ಮಾಸ್ಟರ ಕೋಣೆಗೆ ನುಗ್ಗಿದರು.

"ಇದೆಲ್ಲ ಮನೇಲಿ ಕಲಿಸೋದಲ್ವೇನ್ರೀ?" ಎಂದರು ಹೆಡ್‌ಮಾಸ್ಟರು.

"ಕಲಿಸಬೇಕಿತ್ತು ಸರ್, ಕಲಿಸಿಲ್ಲ. ಕಾಯ್ತಾ ಕೂತರೆ ಇವರಿಗೆ ಮೀಸೆ ಬರುತ್ತೆ, ಗುಂಡಿ ಹಾಕೋದು ಬರಲ್ಲ."

ಗುರುವಾರದ ಕೊನೆಯ ಪೀರಿಯಡ್ಡು ಅವರಿಗೆ ಸಿಕ್ಕಿತು. ವಿಜ್ಞಾನದ ಕೋಣೆಯ ಉದ್ದನೆಯ ಮೇಜಿನ ಮೇಲೆ ಸೂಜಿ, ಇಸ್ತ್ರಿಪೆಟ್ಟಿಗೆ, ಪುಟ್ಟ ಕರೆಂಟ್ ಒಲೆ, ಈರುಳ್ಳಿ ಎಲ್ಲ ಬಂದು ಕೂತವು. ಮಿಸ್ ಕೆಲಸ ನೋಡುವುದೇ ಒಂದು ಚಂದ. ಯಾವ ಮಗುವಾದರೂ ತಡವರಿಸಿದರೆ, "ಕೊಡಿಲ್ಲಿ! ಹೀಗೆ, ಹೀಗೆ, ಆಯ್ತು!" ಎಂದು ಕಿತ್ತುಕೊಂಡು ಕ್ಷಣದಲ್ಲಿ ಮುಗಿಸಿಬಿಡುತ್ತಿದ್ದರು. ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಕಲಿಸುವುದೆಂದರೆ ಇದೇ ಎಂದು ಮಿಸ್‌ಗೂ ಅನಿಸಿತ್ತು, ನೋಡಿದ ನಮಗೂ.

ಪೋಷಕರ ಸಭೆಯಲ್ಲಿ ತಕರಾರು ಎದ್ದಿತು. ಎದ್ದವರು ಶಾಲೆಯ ಎದುರು ಬೀದಿಯ ಟೈಲರಮ್ಮ. ಅವರ ಮಗಳು ಅದೇ ಏಳನೇ ತರಗತಿಯಲ್ಲಿದ್ದಳು.

"ಮಿಸ್, ನಾನು ದಿನವಿಡೀ ಮಿಷನ್ ತುಳಿಯೋದೇ ನನ್ನ ಮಗಳು ತುಳೀಬಾರದು ಅಂತ. ನೀವು ನೋಡಿದ್ರೆ ಶಾಲೇಲೂ ಅವಳ ಕೈಗೆ ಸೂಜಿ ಕೊಡ್ತೀರಿ!"

"ಅವಳಿಗೆ ಮನೇಲಿ ಹೇಳಿಕೊಟ್ಟಿದ್ದೀರಾ?"

"ನಾನಿದ್ದೀನಲ್ಲ, ಅವಳಿಗ್ಯಾಕೆ ಬೇಕು? ಬೇಕಾದಾಗ ನಾನೇ ಹೇಳಿಕೊಡ್ತೀನಿ. ನೀವು ಆಟ ಆಡಿಸಿ, ಸಾಕು."

ಸಭೆಯಲ್ಲಿ ಅರ್ಧ ಜನ ಹೌದು ಹೌದು ಎಂದರು. ಇನ್ನರ್ಧ, ನಮಗೆಲ್ಲಿ ಪುರುಸೊತ್ತು, ಶಾಲೆಯೇ ಕಲಿಸಲಿ ಎಂದರು. ಮಿಸ್ ಸೋಲುವ ಪೈಕಿ ಅಲ್ಲ. "ನೀವು ಕಲಿಸೋ ತನಕ ನಾನು ಕಲಿಸ್ತೀನಿ" ಎಂದು ಹೇಳಿ ಕೂತರು.

ಅದಾದ ಮರುವಾರವೇ ಅವರು ಬಲಗೈ ಮುರಿದುಕೊಂಡರು. ಆಟದಲ್ಲಲ್ಲ, ಮನೆಯಲ್ಲಿ. ಹಜಾರದ ಬಲ್ಬು ಹೋಗಿತ್ತು. ಸ್ಟೂಲು ಹಿಡಿದುಕೊಳ್ಳಿ ಎಂದು ಯಾರನ್ನೂ ಕರೆಯದೆ ತಾವೇ ಹತ್ತಿದರು. ಸ್ಟೂಲು ವಾಲಿತು. ಮೊಣಕೈವರೆಗೂ ಪ್ಲಾಸ್ಟರ್ ಬಿತ್ತು. ಎಡಗೈಯೂ ಉಳುಕಿದ್ದರಿಂದ, ಅದರಲ್ಲೂ ಏನನ್ನೂ ಎತ್ತಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು.

ಮುಂದಿನದನ್ನು ಸ್ಟಾಫ್ ರೂಮಿನಲ್ಲಿ ನಮಗೆ ಹೇಳಿದವರು ಅವರೇ. ಆ ಸಂಜೆ ಅಡುಗೆಮನೆ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರಂತೆ. ಒಳಗೆ ಗಂಡ ಮತ್ತು ಆ ವರ್ಷವಷ್ಟೇ ಕಾಲೇಜು ಸೇರಿದ ಮಗಳು. ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಗಂಡ ಒಂದೊಂದೇ ಡಬ್ಬಿ ತೆಗೆದು, ಉಪ್ಪೋ ಸಕ್ಕರೆಯೋ ಎಂದು ನೆಕ್ಕಿ ನೋಡುತ್ತಿದ್ದರು. ಮಗಳು ಗ್ಯಾಸಿನ ಗುಂಡಿಯನ್ನು ಹಾವು ಮುಟ್ಟುವವಳ ಹಾಗೆ ಮುಟ್ಟಿ ಕೈ ಹಿಂದೆಳೆದುಕೊಳ್ಳುತ್ತಿದ್ದಳು.

"ಇಷ್ಟು ದೊಡ್ಡವಳಾಗಿದ್ದೀಯಾ, ಒಲೆ ಹಚ್ಚಕ್ಕೂ ಬರಲ್ವೇನೇ?" ಎಂದು ಮಿಸ್ ಗದರಿದರು.

ಮಗಳು ತಿರುಗಿ ನಿಂತಳು. "ನೀನು ಯಾವತ್ತಾದ್ರೂ ನನ್ನ ಒಳಗೆ ಬಿಟ್ಟಿದ್ದೀಯಾ ಅಮ್ಮ? ಬಂದ್ರೆ, ನಡಿ ಓದ್ಕೋ ಹೋಗು ಅಂತೀಯಾ. ಚಾಕು ಹಿಡಿದ್ರೆ ಕಿತ್ಕೋತೀಯಾ. ನಿಮ್ಮ ಶಾಲೆ ಮಕ್ಕಳಿಗಾದ್ರೂ ಗುರುವಾರ ಅಂತ ಒಂದಿದೆ. ನಂಗ್ಯಾವ ವಾರ?"

ಗಂಡ ಡಬ್ಬಿಯೊಳಗೆ ಮುಖ ಹುದುಗಿಸಿಕೊಂಡರು. "ಟೈಲರಮ್ಮ ಅಂದಿದ್ರಲ್ಲ, ನಾನಿದ್ದೀನಲ್ಲ ಅಂತ, ಅದನ್ನೇ ನಾನು ಮನೇಲಿ ಇಷ್ಟು ವರ್ಷ ಹಾಡಿಕೊಂಡು ಬಂದಿದ್ದೆ ಕಣ್ರೀ" ಎಂದರು ಮಿಸ್ ನಮ್ಮ ಹತ್ತಿರ.

ಆ ಸಂಜೆ ಕುರ್ಚಿಯಲ್ಲಿ ಕೂತಲ್ಲಿಂದಲೇ ಮಿಸ್ ಮಗಳಿಗೆ, "ಸರಿ, ಇವತ್ತೇ ನಿನ್ನ ವಾರ. ಮೊದಲು ಲೈಟರ್ ಹಿಡ್ಕೋ, ಆಮೇಲೆ ಗುಂಡಿ ತಿರುಗಿಸು" ಎಂದರು. ಮಗಳು ಹಚ್ಚಿದಳು. ಅಕ್ಕಿ ತೊಳೆಯುವಾಗ ಅರ್ಧ ಅಕ್ಕಿ ಸಿಂಕಿನ ಪಾಲಾಯಿತು. ಮಿಸ್‌ಗೆ ಎದ್ದು ಕಿತ್ತುಕೊಳ್ಳುವಷ್ಟು ಆತುರ. ಕಿತ್ತುಕೊಳ್ಳಲು ಕೈಯೆಲ್ಲಿ? ಬಾಯಲ್ಲೇ ಹೇಳಬೇಕು, ಅವಳು ಮಾಡುವವರೆಗೆ ಕಾಯಬೇಕು. ಅನ್ನ ತಳ ಹಿಡಿಯಿತು. ಮರುದಿನ ಮುದ್ದೆಯಾಯಿತು. ಅದರ ಮರುದಿನ ಅನ್ನದ ಹಾಗೇ ಆಯಿತು. ಗಂಡ ಆಲೂಗಡ್ಡೆ ಹುರಿಯುವುದರಲ್ಲಿ ಎಷ್ಟು ಪಳಗಿದರೆಂದರೆ ಮನೆಯಲ್ಲಿ ಬೇರೆ ತರಕಾರಿಯೇ ಕಾಣದಂತಾಯಿತು.

ಪ್ಲಾಸ್ಟರ್ ಸಮೇತ ಶಾಲೆಗೆ ಬಂದ ಮಿಸ್ ಬೇರೆಯೇ ಟೀಚರಾಗಿದ್ದರು. ಗುರುವಾರ ಮೇಜಿನ ತುದಿಯಲ್ಲಿ ಕೂತು ಹೇಳುವುದಷ್ಟೇ, ಮಾಡುವುದು ಮಕ್ಕಳು. ಗದ್ದಲ ಹೆಚ್ಚಿತು, ದಾರ ಗಂಟು ಬಿತ್ತು, ಚಪ್ಪಾಳೆ ನಿಂತುಹೋಯಿತು. ಆದರೆ ಗುಂಡಿಗಳು ಮಾತ್ರ ಗಟ್ಟಿಯಾಗಿ ಕೂರತೊಡಗಿದವು.

ಪ್ಲಾಸ್ಟರಿನ ಮೇಲೆ ಜಾಕೆಟ್ಟು ಹತ್ತುತ್ತಿರಲಿಲ್ಲ. ತೋಳು ಬಿಚ್ಚಿಸಲು ಮಿಸ್ ಟೈಲರಮ್ಮನ ಅಂಗಡಿಗೇ ಹೋದರು. ಜೊತೆಗೆ ನಾನೂ ಇದ್ದೆ. ಬಟ್ಟೆಯ ರಾಶಿ, ಇಸ್ತ್ರಿಯ ಬಿಸಿ ವಾಸನೆ, ಮಿಷನ್ನಿನ ಪಕ್ಕ ತಣ್ಣಗಾದ ಅರ್ಧ ಲೋಟ ಚಹಾ. ಟೈಲರಮ್ಮ ಹೊಲಿಗೆ ಬಿಚ್ಚುತ್ತಾ ಕೇಳಿದರು, "ಸೂಜಿ ಬಿಟ್ಟಿರೋ ಇಲ್ವೋ?"

"ಬಿಟ್ಟಿಲ್ಲ. ಆದ್ರೆ ಆವತ್ತು ನೀವು ಹೇಳಿದ್ದರಲ್ಲಿ ಅರ್ಧ ಸರಿಯಿತ್ತು. ಇದು ಮನೇಲೂ ಆಗಬೇಕು. ವಾರಕ್ಕೊಂದು ಪೀರಿಯಡ್ಡಲ್ಲಿ ಕೈ ಪಳಗಲ್ಲ." ಮಿಸ್ ತಮ್ಮ ಮಗಳ ಮಾತನ್ನು ಒಂದಕ್ಷರ ಮುಚ್ಚಿಡದೆ ಹೇಳಿದರು.

ಟೈಲರಮ್ಮ ಕತ್ತರಿ ಕೆಳಗಿಟ್ಟರು. "ನನ್ನ ಕೈ ಓಡುತ್ತೆ ಮಿಸ್. ಅವಳು ಹಿಡಿದ್ರೆ ನಿಧಾನ. ಗಿರಾಕಿ ಬಟ್ಟೆ ಹಾಳಾದ್ರೆ?"

"ಗಿರಾಕಿದು ಯಾಕೆ, ಅವಳ ಯೂನಿಫಾರ್ಮೇ ಕೊಡಿ. ನೀವು ದೂರ ಕೂತ್ಕೊಳ್ಳಿ. ಟೈಲರ್ ಮಾಡಿ ಅಂತ ನಾನು ಹೇಳ್ತಿಲ್ಲ. ನಾಳೆ ಡಾಕ್ಟರೇ ಆಗಲಿ, ಕೋಟಿನ ಗುಂಡಿ ಅವಳದೂ ಬೀಳುತ್ತೆ."

"ದೂರ ಕೂತ್ಕೊಳ್ಳೋದೇ ಕಷ್ಟ" ಎಂದು ಟೈಲರಮ್ಮ ನಕ್ಕರು. "ಕೈ ಮುರಿದುಕೊಳ್ಳದೆ ಆಗುತ್ತಾ?"

"ಪ್ರಯತ್ನ ಮಾಡಿ. ಮುರಿದುಕೊಳ್ಳೋದಕ್ಕಿಂತ ವಾಸಿ."

ಮುಂದಿನ ತಿಂಗಳು ಟೈಲರಮ್ಮನೇ ಒಂದು ಗುರುವಾರ ಶಾಲೆಗೆ ಬಂದು ಹರಿದ ಜೇಬು ಹೊಲಿಯುವುದನ್ನು ಹೇಳಿಕೊಟ್ಟರು. ಪೂರ್ತಿ ಪೀರಿಯಡ್ಡು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ನಡುವೆ ಎರಡು ಸಲ ತಡೆಯಲಾರದೆ ಕೈ ಮುಂದೆ ಬಂದಾಗ, "ಅಮ್ಮಾ!" ಎಂದು ಕೂಗಿದ್ದು ಮಗಳೇ.

ಪ್ಲಾಸ್ಟರ್ ಬಿಚ್ಚಿ ಎಷ್ಟೋ ಕಾಲವಾಯಿತು. ಪೀಪಿ ಮಿಸ್ ಮನೆಯಲ್ಲಿ ಭಾನುವಾರ ಅಡುಗೆಮನೆಗೆ ಕಾಲಿಡುವುದಿಲ್ಲ, ಅದು ಮಗಳದು. ಗುರುವಾರದ ಪೀರಿಯಡ್ಡಿಗೆ ಈಗ ನಾವು ಯಾರೂ ಕೈ ಹಾಕುವ ಹಾಗಿಲ್ಲ. ಶಾಲೆಯಲ್ಲಿ ಕಲಿತದ್ದನ್ನು ಮಕ್ಕಳು ಮನೆಯಲ್ಲಿ ಮಾಡಿ ಬರಬೇಕು. ಮಿಸ್ ಕೇಳುವ ಮೊದಲ ಪ್ರಶ್ನೆ, "ಏನು ಕೆಡಿಸಿದಿರಿ, ಹೇಳಿ." ಮಕ್ಕಳು ನಾ ಮುಂದು ತಾ ಮುಂದು ಎಂದು ಹೇಳುತ್ತಾರೆ. ಹೋದ ವಾರ ಆರನೇ ತರಗತಿಯ ಪುಟಾಣಿಯೊಬ್ಬಳು ಎದ್ದು ನಿಂತು ಗಂಭೀರವಾಗಿ ಹೇಳಿದಳು:

"ಇಸ್ತ್ರಿ ಮಾಡೋವಾಗ ಅಪ್ಪನ ಅಂಗಿ ಸುಟ್ಟುಹೋಯ್ತು ಮಿಸ್. ಆದ್ರೆ ಸುಟ್ಟಿದ್ದು ನಾನಲ್ಲ. ನಾನು ಕೈ ಕಟ್ಕೊಂಡು ಅಪ್ಪಂಗೆ ಹೇಳಿಕೊಡ್ತಿದ್ದೆ."