ಕಟ್ಟದ ಕಟ್ಟಿಗೊಂದು ಬುಟ್ಟಿ

ಚಿತ್ತೂರಿನ ಮಾವಿನ ಮಂಡಿಯಲ್ಲಿ ಹಣ್ಣು ಆರಿಸುವ ಕುಪ್ಪಮ್ಮ, ಮೊಮ್ಮಗಳು ಸುಗುಣಳ ಮೊಣಕಾಲು ಊದಿ ಜ್ವರ ಬಂದಾಗ, ಎಲ್ಲರಂತೆ, ಮೂಳೆ ಕಟ್ಟುವ ಮುನಿರತ್ನಂ ಮನೆಗೇ ಓಡಿದಳು. ಅವನು ಮೊಟ್ಟೆಯ ಬಿಳಿ ಹಚ್ಚಿ ಕಟ್ಟು ಹಾಕಿದ. ಜ್ವರ ಬಿಡಲಿಲ್ಲ, ಊತ ಮುಂಗೈ ಕೀಲಿಗೆ ಹಾರಿತು. ಇನ್ನೊಂದು ಕಟ್ಟಿಗೆಂದು ಹೋದರೆ ಅವನು ಬಟ್ಟೆಯನ್ನೇ ಮುಟ್ಟಲಿಲ್ಲ.

"ಮುರಿದ ಮೂಳೆ ಹೀಗೆ ಊರು ಸುತ್ತಲ್ಲ ಅತ್ತೆ. ಆಸ್ಪತ್ರೆಗೆ ನಡಿ."

ಅಲ್ಲಿ ಡಾಕ್ಟರಮ್ಮ ಮೊದಲು ಗಂಟಲು ನೋವಿತ್ತೇ ಎಂದು ಕೇಳಿದರು, ರಕ್ತ ಪರೀಕ್ಷೆ ಮಾಡಿಸಿದರು, ಮಗುವಿನ ಎದೆಬಡಿತವನ್ನು ಬಹಳ ಹೊತ್ತು ಆಲಿಸಿದರು.

"ಕೀಲುವಾತದ ಜ್ವರ ಅಜ್ಜಿ, ಗಂಟಲು ನೋವಿನ ಬೆನ್ನಿಗೇ ಬರುತ್ತೆ, ಬಿಟ್ರೆ ಹೃದಯಕ್ಕೂ ಇಳಿಯುತ್ತೆ. ಹೃದಯಕ್ಕಿನ್ನೂ ಏನೂ ಆಗಿಲ್ಲ. ಮೂರು ವಾರಕ್ಕೊಂದು ಇಂಜೆಕ್ಷನ್ ಮಾತ್ರ ತಪ್ಪಿಸ್ಬೇಡಿ."

ಸುಗುಣ ಈಗ ಕುಂಟಾಬಿಲ್ಲೆ ಆಡುತ್ತಾಳೆ. ಬೇಸಿಗೆ ಬಂದರೆ ಕುಪ್ಪಮ್ಮ ಎರಡು ಬುಟ್ಟಿ ಹಣ್ಣು ತುಂಬುತ್ತಾಳೆ, ಒಂದು ಡಾಕ್ಟರಮ್ಮನಿಗೆ, ಒಂದು ಮುನಿರತ್ನಂಗೆ.

"ಸುಳ್ಳು ಕಟ್ಟು ಕಟ್ಟಿದೋನಿಗೆ ಹಣ್ಣು ಬೇರೆ!" ಎಂದು ಒಮ್ಮೆ ಸೊಸೆ ಮೂತಿ ತಿರುವಿದಳು.

"ಕಟ್ಟಿದ್ದಕ್ಕಲ್ಲ ಕಣೇ," ಎಂದಳು ಕುಪ್ಪಮ್ಮ, "ಎರಡನೇದು ಕಟ್ಟದೆ ಕಳಿಸಿದ್ದಕ್ಕೆ."