ಹಾರಬಹುದು ಎಂದು ಬರೆಯುವ ಕೈ

ಬೆಳಗಿನ ಐದೂಕಾಲು. ಪಂಜ್ ನದಿಯ ಮೇಲಿನ ಮಂಜು ಇನ್ನೂ ಕರಗಿಲ್ಲ. ವಿಮಾನ ನಿಲ್ದಾಣದ ಕೊನೆಯ ಕೋಣೆಯಲ್ಲಿ ಸವ್ಸನ್ ಆಪಾ ಒಂದು ಪುಟ್ಟ ಉಪಕರಣವನ್ನು ಅಂಗೈಗಳ ನಡುವೆ ಇಟ್ಟುಕೊಂಡು ಮರಿಹಕ್ಕಿಗೆ ಕಾವು ಕೊಡುವಂತೆ ಬೆಚ್ಚಗೆ ಮಾಡುತ್ತಿದ್ದಾರೆ. ನೋಡಲು ಬಟ್ಟೆ ಒಣಹಾಕುವ ಕ್ಲಿಪ್ಪಿನಂತಿದೆ. ಬೆರಳಿಗೆ ಕಚ್ಚಿಸಿದರೆ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ಅಂಕಿ ತೋರಿಸುತ್ತದೆ. ಬೆರಳು ತಣ್ಣಗಿದ್ದರೆ ಮಾತ್ರ ಅದು ಸುಳ್ಳು ಹೇಳುತ್ತದೆ. ಅದಕ್ಕೆಂದೇ ಒಲೆಯ ಮೇಲೆ ಶೀರ್‌ಚಾಯ್ ಕುದಿಯುತ್ತಿದೆ: ಹಾಲು, ಉಪ್ಪು, ಬೆಣ್ಣೆ ಹಾಕಿದ ಚಹಾ. ಬಂದವರ ಕೈಗೆ ಮೊದಲು ಬಿಸಿ ಬಟ್ಟಲು.

"ಹಿಡ್ಕೊಳ್ಳಿ, ಕುಡೀಬೇಡಿ. ಮೊದಲು ಬೆರಳು, ಆಮೇಲೆ ಬಾಯಿ."

ಚಹಾ ಕೈಗೆ ಕೊಟ್ಟು ಬಾಯಿಗೆ ಬೀಗ ಹಾಕುವ ಹೆಂಗಸು ಇಡೀ ಪಾಮಿರ್‌ನಲ್ಲಿ ಇವಳೊಬ್ಬಳೇ ಎಂದು ಮುದುಕರು ಗೊಣಗುತ್ತಾರೆ. ಆದರೂ ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಸಾಲಾಗಿ ಕೂರುತ್ತಾರೆ.

ಸವ್ಸನ್ ಆಪಾಗೆ ಐವತ್ತೆರಡು ವರ್ಷ. ಡಾಕ್ಟರಲ್ಲ, ನರ್ಸೂ ಅಲ್ಲ. ಇಬ್ಬರ ನಡುವಿನ ಫೆಲ್ಡ್‌ಶರ್. ಇಪ್ಪತ್ತಾರು ವರ್ಷಗಳಿಂದ ಇದೇ ಕೋಣೆ, ಇದೇ ಕಬ್ಬಿಣದ ಮೇಜು. ಶಿಖರಗಳ ನಡುವೆ ನುಸುಳಿ ರಾಜಧಾನಿ ದುಶಾಂಬೆಗೆ ಹೋಗುವ ಹದಿನೇಳು ಸೀಟಿನ ವಿಮಾನಕ್ಕೆ ರೋಗಿಗಳು, ಬಸುರಿಯರು, ನಡೆಯಲಾರದವರು ಇವರ ಸಹಿಯಿಲ್ಲದೆ ಹತ್ತುವಂತಿಲ್ಲ. ಮೇಲೆ ಹೋದಷ್ಟೂ ಗಾಳಿ ತೆಳು. ಕೆಳಗೆ ಹೇಗೋ ಸಾಗುವ ಉಸಿರು ಅಲ್ಲಿ ಸಾಗದೇ ಹೋಗಬಹುದು. ವಿಮಾನ ಹಾರುವ ದಿನ ನಾಲ್ಕೈದು ಜನರಾದರೂ ಇಂಥ ಕಾಗದಕ್ಕೆ ಕಾಯುತ್ತಿರುತ್ತಾರೆ. ಕಾಲಿಲ್ಲದವರು ಬಂದರೆ ಯಾವ ಸೀಟು, ಯಾರು ಎತ್ತಿ ಕೂರಿಸಬೇಕು ಎಂಬುದನ್ನೂ ಇವರೇ ಬರೆಯುತ್ತಾರೆ. ಎತ್ತುವವರು ಸಿಗದ ದಿನ ತಾವೇ ಎತ್ತುತ್ತಾರೆ. ಇಳಿದ ಜನ ಪೈಲಟ್‌ನ ಕೈ ಕುಲುಕುತ್ತಾರೆ. ಸಹಿ ಹಾಕಿದ ಕೈ ಯಾರಿಗೂ ನೆನಪಿರುವುದಿಲ್ಲ.

"ಅದಕ್ಕೇನೂ ಬೇಜಾರಿಲ್ಲ. ಇಳಿದ ಮೇಲೆ ಒಂದು ಫೋನ್ ಮಾಡಿದ್ರೆ ಸಾಕು. ಯಾರೂ ಮಾಡಲ್ಲ. ಸಂಜೆ ತನಕ ಫೋನ್ ಕಡೆಗೇ ಕಿವಿ ಇಟ್ಕೊಂಡು ಓಡಾಡ್ತೀನಿ."

ಇಂದು ಆ ಕಾಯುವಿಕೆ ಬೆಳಗ್ಗೆಯೇ ಶುರುವಾಗಿದೆ. ಆರು ದಿನ ಮೋಡ ಕವಿದು ವಿಮಾನ ಬಂದಿರಲಿಲ್ಲ. ಏಳನೆಯ ದಿನವಾದ ಇಂದು ಆಕಾಶ ತಿಳಿಯಾಗಿದೆ. ಎಂಟಕ್ಕೆ ವಿಮಾನ ಇಳಿಯುತ್ತದೆ. ಕಂದರದಲ್ಲಿ ಗಾಳಿ ಏಳುವ ಮೊದಲು, ಒಂಬತ್ತರೊಳಗೆ, ಮತ್ತೆ ಹಾರಬೇಕು. ಸಾಲಿನ ಮೊದಲಿಗೆ ಖುಷ್‌ನಜರ್ ಕೂತಿದ್ದಾರೆ. ಅರವತ್ತೊಂದು ವರ್ಷದ ಈತ ನಮ್ಮ ಕಣಿವೆಯ ನೀರುಗಿರಣಿಗಳ ಬೀಸುವ ಕಲ್ಲುಗಳಿಗೆ ಉಳಿಯಿಂದ ಹಲ್ಲು ಕೊಡುವವರು. ನಲವತ್ತು ವರ್ಷದ ಕಲ್ಲಿನ ಪುಡಿ ಎದೆಯೊಳಗೆ ಗಟ್ಟಿಯಾಗಿದೆ. ದುಶಾಂಬೆಯ ಆಸ್ಪತ್ರೆಯಲ್ಲಿ ಅವರ ಹೆಸರಿಗೆ ಹಿಡಿದಿಟ್ಟಿರುವ ಹಾಸಿಗೆ ನಾಳೆ ಮಧ್ಯಾಹ್ನದ ತನಕ ಮಾತ್ರ. ತಪ್ಪಿದರೆ ಮತ್ತೆ ಮೂರು ತಿಂಗಳು ಕಾಯಬೇಕು. ಅಷ್ಟು ದಿನ ಈ ಎದೆ ಕಾಯುವುದಿಲ್ಲ ಎಂದು ಅಲ್ಲಿನ ಡಾಕ್ಟರ್ ಮೊದಲೇ ತಿಳಿಸಿದ್ದಾರೆ.

ಮೋಡ ಕವಿಯುವ ಹಿಂದಿನ ದಿನ ಅಳೆದಾಗ ಅಂಕಿ ತೊಂಬತ್ತು ಇತ್ತು. ಎಂಬತ್ತೆಂಟಕ್ಕಿಂತ ಕಡಿಮೆಯಾದರೆ ಸಾದಾ ಸಹಿ ಹಾಕುವಂತಿಲ್ಲ; ಡಾಕ್ಟರನ್ನು ಕೇಳಿ ಆಕ್ಸಿಜನ್ ಹಾಕಿ ಕಳಿಸಬೇಕು, ತೀರಾ ಇಳಿದಿದ್ದರೆ ಅದೂ ಆಗದು. ಇಂದು ಅಂಕಿ ಎಂಬತ್ತೊಂದು. ಆಪಾ ಬೆರಳು ಬದಲಿಸಿ ನೋಡುತ್ತಾರೆ. ಮತ್ತೆ ಎಂಬತ್ತೊಂದು. ಖುಷ್‌ನಜರ್ ತಾವೇ ಬಗ್ಗಿ ಅಂಕಿ ಓದುತ್ತಾರೆ. ಅವರ ಹೆಂಡತಿ ಓದಿನಮೋ ಆಪಾರ ಮುಖವನ್ನೇ ನೋಡುತ್ತಾ ನಿಂತಿದ್ದಾರೆ. ರಸ್ತೆಯಲ್ಲಿ ಕಳಿಸಬಹುದಲ್ಲ ಎಂದು ಸಾಲಿನಿಂದ ಯಾರೋ ಅನ್ನುತ್ತಾರೆ.

ರಸ್ತೆ ಎಂದರೆ ಹದಿನಾರು ಗಂಟೆ, ದೂಳು, ಎತ್ತರದ ಕಣಿವೆದಾರಿ. ಎಂಟು ವರ್ಷಗಳ ಹಿಂದೆ ದೌಲತ್‌ಶೋ ಎಂಬ ಬಡಗಿಗೆ ಆಪಾ ಹಾರಬಾರದು ಎಂದು ಬರೆದಿದ್ದರು. ಅಂಕಿ ಎಂಬತ್ತೇಳು ಇತ್ತು. ಆತ ಜೀಪಿನಲ್ಲಿ ಹೊರಟರು. ಒಂಬತ್ತನೆಯ ಗಂಟೆಗೆ, ದಾರಿಯಲ್ಲೇ, ಉಸಿರು ನಿಂತಿತು. ಆತನ ಹೆಂಡತಿ ಈಗಲೂ ಪ್ರತಿ ವರ್ಷ ಒಣಗಿಸಿದ ಹಿಪ್ಪುನೇರಳೆಯ ಹಿಟ್ಟು ಕಳಿಸುತ್ತಾರೆ.

"ಒಂದು ದಿನವೂ ಯಾಕೆ ಹಾಗೆ ಬರೆದೆ ಅಂತ ಕೇಳ್ಲಿಲ್ಲ. ಕೇಳಿದ್ರೆ ಒಳ್ಳೇದಿತ್ತು," ಎನ್ನುತ್ತಾರೆ ಆಪಾ. ಅಂದು ವಿಮಾನದಲ್ಲಿ ಆಕ್ಸಿಜನ್ ಸಿಲಿಂಡರ್ ಇರಲಿಲ್ಲ. ಆ ಸಾವಿನ ನಂತರ ಆಪಾ ಬರೆದ ಅರ್ಜಿಗಳು ಹನ್ನೊಂದು. ನಾಲ್ಕು ವರ್ಷ ಕಳೆದ ಮೇಲೆ ಒಂದು ಸಿಲಿಂಡರ್ ಬಂತು. ಒಂದೇ.

ಕ್ಲಿಪ್ ಬಿಚ್ಚಲು ಬಗ್ಗಿದ ಆಪಾ ಹಾಗೇ ನಿಲ್ಲುತ್ತಾರೆ. ಖುಷ್‌ನಜರ್‌ರ ಉಣ್ಣೆಯ ನಿಲುವಂಗಿಯಿಂದ ಘಾಟು ಬರುತ್ತಿದೆ. ಅದು ಸ್ತ್ರಖ್ಮ್, ಬೆಟ್ಟದ ಒಣ ಸೊಪ್ಪು. ನಮ್ಮಲ್ಲಿ ಪಯಣ ಹೊರಡುವವರನ್ನು ಅದರ ಹೊಗೆ ಹಾಕದೆ ಯಾರೂ ಹೊಸ್ತಿಲು ದಾಟಿಸುವುದಿಲ್ಲ. ಒಲೆಯ ಬಳಿ ಕೂರಿಸಿ, ಮೌಲಾ ಅಲಿಯ ಹೆಸರು ಹೇಳಿ, ಕೆಂಡದ ಮೇಲೆ ಒಂದು ಚಿಟಿಕೆ.

"ಹೊಗೆ ಹಾಕಿದ್ಯಾ ಓದಿನಮೋ?"

"ಹಾಕದೆ ಕಳಿಸ್ತಾರಾ ಆಪಾ?"

"ಎಷ್ಟು ಸಲ?"

ಓದಿನಮೋ ಬೆರಳು ಮಡಿಸುತ್ತಾ ಹೋಗುತ್ತಾರೆ. ಈ ಆರೂ ದಿನ ಬೆಳಗ್ಗೆ ವಿಮಾನ ಬಂದೀತೆಂದು ಹೊರಟಿದ್ದರು. ಆರೂ ದಿನ ಹೊಗೆ ಹಾಕಿದ್ದರು. ಪ್ರತಿ ಸಲ ವಾಪಸು ಬಂದದ್ದಕ್ಕೆ ಹೊಗೆ ಸಾಲದೇ ಹೋಯಿತೇನೋ ಎಂಬ ಅನುಮಾನ. ಇಂದು ಎರಡು ಹಿಡಿ ಸೊಪ್ಪು ಹಾಕಿ, ಆಶೀರ್ವಾದ ಹೊರಗೆ ಹೋಗದಿರಲೆಂದು ಬಾಗಿಲನ್ನೂ ಮುಚ್ಚಿದ್ದರು. ಹೇಳುತ್ತಾ ಹೇಳುತ್ತಾ ಆಕೆಗೇ ಅರ್ಥವಾಗುತ್ತದೆ.

"ನನ್ನ ಪ್ರಾರ್ಥನೇನೇ ಅವರ ಉಸಿರು ಕಟ್ಟಿಸ್ತಾ ಆಪಾ?"

"ಪ್ರಾರ್ಥನೆ ಅಲ್ಲ ಕಣೇ, ಸೊಪ್ಪು. ಒಂದು ಚಿಟಿಕೆ ಅಂದ್ಕೊಂಡು ನಾನೂ ಸುಮ್ನಿದ್ದೆ. ಆರು ದಿನ ಅನ್ನೋದು ನನಗೂ ಹೊಳೀಲಿಲ್ಲ. ನಿಂದು ಅರ್ಧ ತಪ್ಪು, ನಂದು ಅರ್ಧ."

ಆಪಾ ನಿಲುವಂಗಿಯನ್ನು ತಾವೇ ಬಿಚ್ಚಿ ದೂರ ಎಸೆಯುತ್ತಾರೆ. ತಮ್ಮ ಶಾಲು ಹೊದಿಸುತ್ತಾರೆ. ನದಿಯ ಗಾಳಿ ಬೀಸುವ ಕಡೆಯ ಬೆಂಚಿಗೆ ಕರೆದೊಯ್ದು, ಎದೆ ಸಡಿಲಿಸುವ ಔಷಧಿಯನ್ನು ಇನ್‌ಹೇಲರ್‌ನಿಂದ ಎರಡು ಸಲ ಎಳೆಸಿ, ಸೀಟಿ ಹೊಡೆಯುವವರ ಹಾಗೆ ತುಟಿ ಮಾಡಿ ಮೆಲ್ಲಗೆ ಉಸಿರು ಬಿಡಲು ಹೇಳುತ್ತಾರೆ. ಅವರಿಗೆ ಸೀಟಿ ಹೊಡೆಯಲು ಹೇಳಿಕೊಟ್ಟ ಮೊದಲ ಹೆಂಗಸು ನೀನೇ ಎಂದು ಓದಿನಮೋ ಅಳುತ್ತಲೇ ಚುಚ್ಚುತ್ತಾರೆ. ಖುಷ್‌ನಜರ್ ನಗಲು ಹೋಗಿ ಕೆಮ್ಮುತ್ತಾರೆ. ಅಂಕಿ ಇಳಿಯುತ್ತದೆ. ನಗಿಸಬೇಡ ಎಂದು ಆಪಾ ಗದರುತ್ತಾರೆ.

ಏಳೂವರೆಗೆ ಎಂಬತ್ನಾಲ್ಕು. ಎಂಟಕ್ಕೆ ಎಂಬತ್ತಾರು. ವಿಮಾನ ಇಳಿದು, ಮೂಟೆಗಳು ಹೊರಗೆ ಬಂದು, ಹೊಸ ಮೂಟೆಗಳು ಒಳಗೆ ಹೋಗುತ್ತವೆ. ಎಂಟೂವರೆಗೆ ಎಂಬತ್ತೇಳು. ಪೈಲಟ್ ಮೆಟ್ಟಿಲ ಬಳಿ ನಿಂತು ಗಡಿಯಾರ ತೋರಿಸುತ್ತಿದ್ದಾನೆ. ಸಾಲಿನಲ್ಲಿದ್ದವರೆಲ್ಲ ಸುತ್ತ ನೆರೆದು ಆ ಅಂಕಿಯನ್ನೇ ನೋಡುತ್ತಾರೆ. ಒಂದೇ ಒಂದು ಕಡಿಮೆ, ಎಂಬತ್ತೆಂಟು ಅಂತ ಬರೆದುಬಿಡು, ದೇವರು ಕ್ಷಮಿಸುತ್ತಾನೆ ಎಂದು ಒಬ್ಬ ಅಜ್ಜಿ ಪಿಸುಗುಡುತ್ತಾರೆ.

"ದೇವರು ಕ್ಷಮಿಸ್ತಾನೆ ಅಜ್ಜಿ. ಮೇಲಿನ ಗಾಳಿ ಕ್ಷಮಿಸಲ್ಲ."

ದೌಲತ್‌ಶೋಗೆ ಬಂದಿದ್ದ ಅದೇ ಎಂಬತ್ತೇಳು. ಆಪಾ ಒಂದು ಗಳಿಗೆ ಕಣ್ಣು ಮುಚ್ಚುತ್ತಾರೆ. ತುಟಿ ಅಲುಗುತ್ತದೆ. ಆಮೇಲೆ ದುಶಾಂಬೆಯ ಎದೆ ಡಾಕ್ಟರಿಗೆ ಫೋನ್ ಮಾಡುತ್ತಾರೆ. ಅಂಕಿ ಎಷ್ಟಿತ್ತು, ಹೇಗೆ ಬಿತ್ತು, ಹೇಗೆ ಏರಿತು, ಹೊಗೆಯ ಸಂಗತಿ, ಎಲ್ಲವನ್ನೂ ಬಚ್ಚಿಡದೆ ಹೇಳುತ್ತಾರೆ. ಏರುತ್ತಿದೆ ಎನ್ನುವುದಾದರೆ, ನೆಲ ಬಿಡುವ ಮೊದಲೇ ಆಕ್ಸಿಜನ್ ಹಾಕಿ ಕಳಿಸಬಹುದು, ಆದರೆ ನೋಡಿದವರು ನೀವು, ತೀರ್ಮಾನ ನಿಮ್ಮದು ಎನ್ನುತ್ತಾರೆ ಡಾಕ್ಟರ್. ಆಪಾ ಕಾಗದದ ಮೇಲೆ ಎಂಬತ್ತೇಳು ಎಂದೇ ಬರೆಯುತ್ತಾರೆ. ಕೆಳಗೆ: ಮುಂದಿನ ಸೀಟು, ಸಿಲಿಂಡರ್ ಪಕ್ಕದಲ್ಲಿ, ಹತ್ತುವಾಗಿನಿಂದ ಇಳಿಯುವ ತನಕ ಆಕ್ಸಿಜನ್. ಅದರ ಕೆಳಗೆ ಸಹಿ ಹಾಕುತ್ತಾರೆ.

ಉಳಿದಿರುವ ಸೀಟು ಒಂದೇ; ಓದಿನಮೋ ಜೊತೆಗೆ ಹೋಗುವಂತಿಲ್ಲ. ಖುಷ್‌ನಜರ್‌ರನ್ನು ಮೆಟ್ಟಿಲು ಹತ್ತಿಸಿ, ಮೂಗಿಗೆ ಕೊಳವೆ ಕಟ್ಟಿ, "ಯಾ ಅಲಿ ಮದದ್" ಎಂದು ಹರಸಿ ಆಪಾ ಇಳಿದು ಬರುತ್ತಾರೆ. ಒಂಬತ್ತಕ್ಕೆ ಐದು ನಿಮಿಷವಿರುವಾಗ ವಿಮಾನ ಕಂದರದ ತಿರುವಿನಲ್ಲಿ ಕಾಣೆಯಾಗುತ್ತದೆ.

ಹಾರಾಟ ಒಂದು ಗಂಟೆಯದು. ಓದಿನಮೋ ಬೆಂಚಿನಲ್ಲಿ ನಿಲುವಂಗಿ ತಬ್ಬಿಕೊಂಡು ಕೂತಿದ್ದಾರೆ. ಆಪಾ ಕೋಣೆ ಗುಡಿಸುತ್ತಾರೆ. ಗುಡಿಸಿದ ಕೋಣೆಯನ್ನೇ ಮತ್ತೆ ಗುಡಿಸುತ್ತಾರೆ. ಹತ್ತು ಗಂಟೆ ದಾಟುತ್ತದೆ. ಹತ್ತೂಕಾಲೂ ದಾಟುತ್ತದೆ. ಇಬ್ಬರ ಕೈಯಲ್ಲೂ ಜಪದ ಮಣಿ ಓಡುತ್ತಿದೆ.

ಹತ್ತೂ ಇಪ್ಪತ್ತೆರಡಕ್ಕೆ ಓದಿನಮೋರ ಫೋನ್ ರಿಂಗಾಗುತ್ತದೆ. ಹೆಸರು ನೋಡಿ, ಕಿವಿಗೆ ಇಟ್ಟುಕೊಳ್ಳದೆ, ಅದನ್ನು ಆಪಾರ ಕಡೆಗೆ ಚಾಚುತ್ತಾರೆ. ಸವ್ಸನ್ ಆಪಾ ಕೈ ಒರೆಸಿಕೊಂಡು ತೆಗೆದುಕೊಳ್ಳುತ್ತಾರೆ. ಆ ಕಡೆಯಿಂದ ಸಣ್ಣ ಉಸಿರಿನ, ತುಂಡುತುಂಡಾದ ದನಿ.

"ಆಪಾ, ಇಳಿದೆ. ಬಟ್ಟಲು ಅಲ್ಲೇ ಬಿಟ್ಟು ಬಂದೆ. ಕುಡಿ ಅಂತ ನೀವು ಹೇಳ್ಲೇ ಇಲ್ಲ."

ಕಿಟಕಿಯ ಕಟ್ಟೆಯ ಮೇಲೆ ಆ ಬಟ್ಟಲು ಹಾಗೇ ಇದೆ, ಮೇಲೆ ಬೆಣ್ಣೆಯ ಕೆನೆ ಕಟ್ಟಿದೆ. ಆಪಾ ಅದನ್ನು ಒಲೆಯ ಪಕ್ಕಕ್ಕೆ ಎತ್ತಿಡುತ್ತಾರೆ.

"ವಾಪಸ್ ಬನ್ನಿ, ಬಿಸಿ ಮಾಡಿ ಕೊಡ್ತೀನಿ," ಎನ್ನುತ್ತಾರೆ. "ಆವತ್ತು ಬೆರಳು ಕೇಳಲ್ಲ."